ಎತ್ತಿದ ಹಿಮ್ಮಡಿ

ಕೀಚ್ ಅಂದಿತು, ಹೊಸದಾಗಿ ಪಾಲಿಶ್ ಹಾಕಿದ ಮರದ ನೆಲಕ್ಕೆ ರಬ್ಬರ್ ಉಜ್ಜಿದ ಸದ್ದು, ತಿರುಗಿ ನೋಡಬೇಕಾಗಿಲ್ಲ, ಅದು ಅವಳದೇ ಬೂಟು, ಹನ್ನೆರಡು ಜನರ ಬೂಟುಗಳಲ್ಲಿ ತನ್ನ ಹೆಂಡತಿಯದು ಯಾವುದೆಂದು ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ, ಆರು ವಾರದಿಂದ ಕಿವಿಗೆ ಅದೊಂದೇ ಕೆಲಸ, ಇಪ್ಪತ್ತೇಳು ವರ್ಷ ಚಪ್ಪಲಿಯಲ್ಲಿ ಸರಬರ ಓಡಾಡಿದವಳಿಗೆ ಐವತ್ತೊಂದಕ್ಕೆ ಬಿಳಿ ಬೂಟು ಬೇಕಾಯಿತು, ಬೇಕಾಗಲಿ, ಯಾರು ಬೇಡ ಅಂದರು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತೂ ಕೂತೂ ಸೊಂಟ ಹಿಡಿದುಕೊಂಡಿದೆ, ಡಾಕ್ಟರು ಮೈ ಬಗ್ಗಿಸಿ ಏನಾದರೂ ಆಡಿ ಅಂದಿದ್ದಾರೆ, ಆಡಲಿ — ಆದರೆ ಮೂವತ್ತು ವರ್ಷದಿಂದ ಇದೇ ಕ್ಲಬ್ಬಿನಲ್ಲಿ ಬ್ಯಾಡ್ಮಿಂಟನ್ ಕಲಿಸುವ ಗಂಡನನ್ನು ಮನೆಯಲ್ಲೇ ಇಟ್ಟುಕೊಂಡು ಪಕ್ಕದ ಕೋರ್ಟಿನ ಆ ಹುಡುಗಿಯ ಹತ್ತಿರ ಕಲಿಯುವುದೆಂದರೆ, ಥೂ, ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಇನ್ನೊಂದು ಹೆಸರಿಡಲು ಅವನಿಗೂ ಮನಸ್ಸಿಲ್ಲ, ಐವತ್ತೈದರಲ್ಲಿ ಹೆಂಡತಿಯ ವಿಷಯಕ್ಕೆ ಹೊಟ್ಟೆ ಉರಿದುಕೊಳ್ಳುವ ಗಂಡಸು, ಅದೂ ಇನ್ನೊಂದು ಹೆಣ್ಣುಮಗಳ ಕಾರಣಕ್ಕೆ, ಹೇಳಿಕೊಂಡರೆ ಜನ ಬಿದ್ದು ಬಿದ್ದು ನಗುತ್ತಾರೆ. ನಿಮ್ಮ ಆರು ಜನರದ್ದು ಸೇರಿ ನಲವತ್ತೇಳು ಸರ್, ಅಂತಿದ್ದಾನೆ ಕ್ಲಬ್ಬಿನ ಕಾರ್ಯದರ್ಶಿ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಹಾಳೆ, ಪಕ್ಕದ ಕೋರ್ಟಿನವರಲ್ಲಿ ಐದು ಜನರದ್ದು ನಲವತ್ಮೂರು, ಇನ್ನೊಬ್ಬರು ಬಾಕಿ, ಯಾರಪ್ಪಾ ಅದು, ಓ, ನಮ್ಮ ಮೇಡಮ್ಮು, ಬನ್ನಿ ಬನ್ನಿ — ಇಪ್ಪತ್ತು ಶಟಲ್, ಅದರಲ್ಲಿ ಐದನ್ನು ಅವಳು ನೆಟ್ಟಿನ ಈಚೆಗೆ, ಗೆರೆಯೊಳಗೆ ವಾಪಸು ಕಳಿಸಿದರೆ ಮುಗಿಯಿತು, ಮುಂದಿನ ತಿಂಗಳಿಂದ ಹೊಸಬರ ಬ್ಯಾಚಿಗೆ ಒಂದೇ ಕೋರ್ಟು, ಒಬ್ಬರೇ ಕೋಚು, ಆ ಒಬ್ಬರು ಅವನಲ್ಲ. ನಾಲ್ಕಕ್ಕೇ ನಿಂತು ಸಮವಾದರೆ ಹಿರಿಯರಿಗೇ ಬಿಡೋಣ ಅಂತ ಮೊದಲೇ ಮಾತಾಗಿದೆ. ಶಟಲ್ ತುಂಬಿದ ಬಕೆಟ್ಟು ಅವನ ಕಾಲ ಬಳಿಯೇ ಇದೆ, ನೆಟ್ಟಿನ ಈ ಕಡೆ ನಿಂತು ಒಂದೊಂದನ್ನೇ ಎತ್ತಿ ಅವಳತ್ತ ಹೊಡೆಯಬೇಕಾದವನು ಅವನೇ.

ಆರು ವಾರದ ಹಿಂದೆ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಅವನು ಮಾಡಿದ್ದೇನು, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ, ಕೈ ಚಾಚಿದ, ಅವತ್ತು ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದ, ತಂದುಕೊಡಲು ಬಂದಳು ಅಂದುಕೊಂಡ, ಎಷ್ಟು ಒಳ್ಳೆಯವಳು ಅಂತ ಮನಸ್ಸಿನಲ್ಲಿ ಹೊಗಳಿಯೂ ಬಿಟ್ಟ, ಅಷ್ಟು ಜನರೆದುರು ಅಂಗೈ ಅಗಲಿಸಿಕೊಂಡು ನಿಂತ, ಅವಳು ಆ ಅಂಗೈಯನ್ನೊಮ್ಮೆ ಅವನ ಮುಖವನ್ನೊಮ್ಮೆ ನೋಡಿದಳು, ಇಲ್ಲಾ ರೀ, ನಾನು ಕಲಿಯೋಕೆ ಬಂದಿದ್ದೀನಿ, ಅಂದವಳೇ ಎರಡು ಕೋರ್ಟುಗಳ ನಡುವಿನ ನೀಲಿ ಬಲೆಪರದೆಯನ್ನು ಸರಿಸಿಕೊಂಡು ಆ ಕಡೆ ಹೋದಳು, ಆ ಕಡೆ, ಈ ಕಡೆ ಅಲ್ಲ, ಆಗ ಕಂಡದ್ದು ಬೂಟು, ಆಮೇಲೆ ಬೆನ್ನಿಗಿದ್ದ ರ್ಯಾಕೆಟ್ಟಿನ ಚೀಲ, ಎಷ್ಟು ದಿನದಿಂದ ಇಟ್ಟಿದ್ದಳೋ, ಎಲ್ಲಿಟ್ಟಿದ್ದಳೋ, ಇಸ್ತ್ರಿ ಮೇಜಿನ ಹಿಂದೆಯಂತೆ, ಇಸ್ತ್ರಿ ಮೇಜಿನ ಹಿಂದೆ ಅವನು ಯಾವತ್ತು ಇಣುಕಿದ್ದಾನೆ. ಸಂಜೆ ಕೇಳಿದ, ಕೇಳಬಾರದೆಂದುಕೊಂಡೇ ಕೇಳಿದ, ನನ್ನ ಹತ್ರ ಕಲಿಯೋಕೇನಾಗಿತ್ತೇ ನಿನಗೆ, ಅವಳು ಪಾತ್ರೆ ಒರೆಸುತ್ತಾ ತಿರುಗಿಯೂ ನೋಡದೆ, ನಿಮ್ಮ ಹತ್ರ ಮೂವತ್ತಾರರ ತನಕ ಕಲಿತಿದ್ದೀನಲ್ಲ, ಅಂದಳು, ನಕ್ಕಳು, ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು, ಆಗಬಾರದಿತ್ತು — ಮದುವೆಯಾದ ಹೊಸತು, ಕ್ಲಬ್ಬಿನ ಹಿಂದಿನ ಖಾಲಿ ಜಾಗ, ನನಗೂ ಕಲಿಸ್ರೀ ಅಂತ ಹಟ ಹಿಡಿದಿದ್ದಳು, ಅವನಿಗೆ ಹೆಮ್ಮೆಯೋ ಹೆಮ್ಮೆ, ಗೋಡೆಯ ಮೇಲೆ ಸೀಮೆಸುಣ್ಣದಿಂದ ತಟ್ಟೆಯಷ್ಟಗಲದ ವೃತ್ತ ಬರೆದ, ಇದರೊಳಗೆ ಸರ್ವಿಸ್ಸು, ನೂರು, ಆಮೇಲೆ ಮಿಕ್ಕ ಮಾತು, ಹೂಂ, ಶುರು ಮಾಡು, ಮೂವತ್ತಾರಕ್ಕೆ ರ್ಯಾಕೆಟ್ಟನ್ನು ಗೋಡೆಗೊರಗಿಸಿಟ್ಟಳು, ಯಾಕೆ, ಕೈ ನೋವಾ, ಕೈಯೇನೂ ನೋವಿಲ್ಲ, ಗೋಡೆ ಮಾತಾಡಲ್ಲ ರೀ, ಬೇಜಾರು. ಅವನು ಅವತ್ತು ಇದನ್ನು ಗೆಳೆಯರಿಗೆಲ್ಲ ಹೇಳಿ ನಗಿಸಿದ್ದ, ನನ್ನ ಹೆಂಡತಿಗೆ ಗೋಡೆ ಜೊತೆ ಮಾತು ಬೇಕಂತೆ ಕಣ್ರೋ ಅಂತ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ, ಅವನಿಗೂ ಮತ್ತೆ ಕರೆಯಬೇಕೆಂದು ಹೊಳೆಯಲಿಲ್ಲ.

ನೂರು ಎಂದರೆ ನೂರೇ, ಅದರಲ್ಲಿ ತಪ್ಪೇನಿದೆ, ಬೆನ್ನ ಹಿಂದೆ ನೂರು ಸರ್ ಅನ್ನುತ್ತಾರೆ, ಅನ್ನಲಿ, ಅದನ್ನು ಅವನು ಬಿರುದು ಅಂತಲೇ ತೆಗೆದುಕೊಂಡಿದ್ದಾನೆ, ಸೋಮವಾರ ಸರ್ವಿಸ್ಸು, ಮಂಗಳವಾರ ಎತ್ತರದ ಹೊಡೆತ, ಬುಧವಾರ ನೆಟ್ಟಿನ ಹತ್ತಿರದ ಡ್ರಾಪು, ಗುರುವಾರ ಬ್ಯಾಕ್‌ಹ್ಯಾಂಡು, ಒಂದೊಂದೂ ನೂರು, ಒಂದೇ ಜಾಗಕ್ಕೆ, ಒಂದೇ ವೇಗಕ್ಕೆ, ಪ್ರತಿ ಶಟಲ್ ಹಾಕುವ ಮೊದಲು ಅವನ ಬಾಯಿಂದ ಒಂದು ಹೂಂ, ಹೂಂ ಅಂದರೆ ಬಂತು ಅಂತ, ಸಿದ್ಧವಾಗು ಅಂತ, ಹೊಸಬರಿಗೆ ಮೊದಲು ಕೈ ಕೂರಬೇಕಲ್ಲವೇ, ಕೈ ಕೂತ ಮೇಲೆ ತಲೆ ತಾನಾಗಿ ಬರುತ್ತದೆ — ಹೀಗೆ ಎಷ್ಟು ಜನರನ್ನು ತಯಾರು ಮಾಡಿಲ್ಲ, ಈ ಹುಡುಗಿಯನ್ನೇ ತಯಾರು ಮಾಡಿಲ್ಲವೇ, ಒಂಬತ್ತು ವರ್ಷಕ್ಕೆ ಮೂಗು ಸೋರಿಸಿಕೊಂಡು ಬಂದವಳು, ಅವನ ಮೊದಲನೇ ಶಿಷ್ಯೆ, ಮೊದಲನೇ ಕಪ್ಪು ತಂದುಕೊಟ್ಟವಳು, ಆಟ ಮುಗಿಸಿ ನೇರ ಮನೆಗೆ ಬಂದು ಅವನ ಹೆಂಡತಿಯ ಕೈಯಿಂದ ಬಡಿಸಿಕೊಂಡು ಉಂಡವಳು, ಅವನಿಗೆ ಸರ್, ಅವಳಿಗೆ ಅಕ್ಕ, ಆ ವರಸೆಯಲ್ಲಿ ನಾನು ನಿನಗೆ ಭಾವ ಆಗಬೇಕಲ್ಲಮ್ಮ ಅಂತ ರೇಗಿಸುತ್ತಿದ್ದ, ಈಗ ರೇಗಿಸಲು ಬಾಯಿ ಬರುವುದಿಲ್ಲ. ಹತ್ತೊಂಬತ್ತಕ್ಕೆ ಅವಳು ಒಂದು ಫೈನಲ್ಲಿನಲ್ಲಿ ಸೋತಳು, ನೆಲಕಚ್ಚಿ ಸೋತಳು, ಬೆವರು ಒರೆಸಿಕೊಳ್ಳದೆ ಬೆಂಚಿನ ಮೇಲೆ ಕೂತು, ಸರ್ ನನಗೆ ಎಲ್ಲ ಹೊಡೆತಾನೂ ಬರುತ್ತೆ, ಯಾವುದನ್ನ ಯಾವಾಗ ಅನ್ನೋದೊಂದು ಬರಲ್ಲ, ಅಂದಳು, ಸೋತ ಮಕ್ಕಳು ಏನೇನೋ ಹೇಳುತ್ತಾರೆ ಅಂತ ಅವನು ಭುಜ ತಟ್ಟಿ, ನಾಳೆಯಿಂದ ನೂರಿಪ್ಪತ್ತು ಮಾಡು ಅಂದ, ನಾಳೆ ಅವಳು ಬರಲಿಲ್ಲ. ಹತ್ತು ವರ್ಷ ಎಲ್ಲೆಲ್ಲೋ ಇದ್ದು ಕೋಚಾಗಿ ವಾಪಸು ಬಂದದ್ದು ಇದೇ ಕ್ಲಬ್ಬಿಗೆ, ಇದೇ ಪಕ್ಕದ ಕೋರ್ಟಿಗೆ, ಅವಳ ಕಲಿಸುವ ಕ್ರಮವೋ ದೇವರಿಗೇ ಪ್ರೀತಿ, ಒಂದರ ಹಿಂದೆ ಅದೇ ಹೊಡೆತ ಬರಕೂಡದು, ಒಂದು ಎತ್ತರ, ಒಂದು ಡ್ರಾಪು, ಒಂದು ಎಡಕ್ಕೆ, ಒಂದು ಹೊಟ್ಟೆಗೇ, ಬಾಯಿಂದ ಹೂಂ ಇಲ್ಲ ಉಹೂಂ ಇಲ್ಲ, ಅವನು ಅವಳಿಗೆ ಕಲಸುಮೇಲೋಗರ ಅಂತ ಹೆಸರಿಟ್ಟ, ಹೆಸರು ಕ್ಲಬ್ಬಿನ ತುಂಬ ಓಡಾಡಿತು, ಅವಳ ಕಿವಿಗೂ ಬಿತ್ತು, ಚೆನ್ನಾಗಿದೆ ಸರ್ ಅಂದಳಂತೆ, ಸಿಟ್ಟಾದರೂ ಮಾಡಿಕೊಳ್ಳಬಾರದೇ. ಮೊದಲ ನಾಲ್ಕು ದಿನ ನಾನೂ ನಿಮ್ಮ ಥರಾನೇ ಮಾಡಿಸ್ತೀನಿ ಸರ್, ಹಿಡಿಯೋದು ಬೀಸೋದು ಗೊತ್ತಾಗಬೇಕಲ್ಲ, ಆಮೇಲೆ ಕಲಸಿಬಿಡ್ತೀನಿ, ಅಂದಳು ಒಮ್ಮೆ, ನಯವಾಗಿ, ನೀರಿನ ಬಾಟಲಿ ಮುಚ್ಚುತ್ತಾ, ಅವನ ಮೂವತ್ತು ವರ್ಷವನ್ನು ನಾಲ್ಕು ದಿನಕ್ಕೆ ಇಳಿಸಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆ ಆರು ವಾರ ಅವನು ಬದುಕಿದ್ದೆಲ್ಲ ಆ ನೀಲಿ ಪರದೆಯ ಈ ಕಡೆ, ಕೈ ತನ್ನ ಆರು ಜನರಿಗೆ ಶಟಲ್ ಹಾಕುತ್ತದೆ, ಹೂಂ, ಹೂಂ, ಕಣ್ಣು ಬಲೆಯ ತೂತುಗಳಿಂದ ಆ ಕಡೆ ತೂರುತ್ತದೆ, ಆ ಕಡೆ ಏನು, ಗದ್ದಲ, ಸಂತೆ, ಕ್ಷೌರದಂಗಡಿಯವನು ಗಾಳಿಯನ್ನು ಕತ್ತರಿಸುತ್ತಿದ್ದಾನೆ, ನರ್ಸಮ್ಮ ರ್ಯಾಕೆಟ್ಟನ್ನೇ ಎಸೆದುಬಿಟ್ಟಳು, ಅವನ ಹೆಂಡತಿ ಎಡಕ್ಕೆ ಓಡಬೇಕಾದಲ್ಲಿ ಬಲಕ್ಕೆ ಓಡಿ ನರ್ಸಮ್ಮನಿಗೆ ಡಿಕ್ಕಿ ಹೊಡೆದು ಇಬ್ಬರೂ ಹಿಡಿದುಕೊಂಡು ನಗುತ್ತಿದ್ದಾರೆ, ನಗು, ಅದೇ ಅವನನ್ನು ಕೊಂದದ್ದು, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ಅವಳು ನಗುವುದನ್ನು ಅವನು ಕೊನೆಯ ಸಲ ಕೇಳಿದ್ದು ಯಾವಾಗ, ಮಗಳು ಸಣ್ಣವಳಿದ್ದಾಗಲೇ ಇರಬೇಕು, ಮಗಳಿಗೆ ಈಗ ಮದುವೆಯಾಗಿ ನಾಲ್ಕು ವರ್ಷ. ಸರ್, ಹೂಂ ಅಂದ್ರಿ, ಶಟಲ್ ಹಾಕಲಿಲ್ಲ, ಅಂತ ಎದುರಿನಿಂದ ಔಷಧಿ ಅಂಗಡಿಯವನು ಕೇಳಿದಾಗಲೇ ಅವನಿಗೆ ಎಚ್ಚರ. ಮೂರನೇ ವಾರವಿರಬೇಕು, ಆ ಕಡೆ ಸದ್ದು ನಿಂತಿತ್ತು, ಏನಾಯಿತೆಂದು ತಿರುಗಿದ, ಶಿಷ್ಯೆ ಶಟಲ್ ಕೈಯಲ್ಲಿ ಹಿಡಿದು ನಿಂತಿದ್ದಾಳೆ, ಎದುರಿಗೆ ಅವನ ಹೆಂಡತಿ, ಮೊಣಕಾಲು ತುಸು ಬಗ್ಗಿದೆ, ರ್ಯಾಕೆಟ್ಟು ಎದೆಯ ಮುಂದೆ, ಬಾಯಿ ಚೂರು ತೆರೆದಿದೆ, ಬಿಳಿ ಬೂಟಿನ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಮೇಲೆ, ಅಷ್ಟೇ, ಒಂದೇ ಬೆರಳು, ಎತ್ತ ಬರುತ್ತದೋ ಗೊತ್ತಿಲ್ಲ, ಎತ್ತ ಬಂದರೂ ಹೋಗುತ್ತೇನೆ ಅನ್ನುವ ಹಾಗೆ ಇಡೀ ಮೈ ಆ ಬೆರಳಗಲದ ಮೇಲೆ ನಿಂತಿದೆ, ಕಣ್ಣು ಆ ಹುಡುಗಿಯ ಕೈಯ ಮೇಲೆ — ಇವಳನ್ನು ನಾನು ನೋಡಿಲ್ಲ, ಇಪ್ಪತ್ತೇಳು ವರ್ಷದಲ್ಲಿ ಈ ಹೆಂಗಸನ್ನು ನಾನು ನೋಡಿಯೇ ಇಲ್ಲ, ಅಂತ ಅನ್ನಿಸಿ ತನ್ನ ಶಟಲನ್ನು ನೆಟ್ಟಿಗೇ ಹೊಡೆದ.

ಮನೆಯಲ್ಲಿ ಅವಳು ಹಾಗೆ ನಿಲ್ಲುವುದಿಲ್ಲ, ಪರೀಕ್ಷೆ ಮಾಡಿ ನೋಡಿದ, ನಾಚಿಕೆಗೆಟ್ಟು ನೋಡಿದ, ಒಲೆಯ ಮುಂದೆ, ಬಾಗಿಲಲ್ಲಿ, ಬಟ್ಟೆ ಹರವುವಾಗ, ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಅವನು ಒಳಗೆ ಬಂದರೂ ಏಳುವುದಿಲ್ಲ, ಯಾಕೆ ಏಳಬೇಕು, ಅವನು ಆರೂವರೆಗೇ ಬರುತ್ತಾನೆ, ಕೀಲಿಯನ್ನು ಅದೇ ಮೊಳೆಗೆ ಹಾಕುತ್ತಾನೆ, ಚಹಾ ಆಯ್ತಾ ಅನ್ನುತ್ತಾನೆ, ಹೂಂ ಅನ್ನುತ್ತಾನೆ, ಪೇಪರು ಬಿಡಿಸುತ್ತಾನೆ, ಒಮ್ಮೆ ಬೇಕೆಂದೇ ಆರಕ್ಕೇ ಬಂದ, ಹಿಂದಿನ ಬಾಗಿಲಿಂದ ಬಂದ, ಅಯ್ಯೋ ಹುಷಾರಿಲ್ವೇನ್ರೀ ಅಂತ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ ಅಂತ ಖಾತ್ರಿಯಾದ ಮೇಲೆ ಕೈ ತೆಗೆದಳು. ಅವಳ ಮಣಿಕಟ್ಟಿಗೆ ನೋವಾಗುತ್ತಿತ್ತು, ಮೊದಲಾದರೆ ಸ್ವಲ್ಪ ನೀವಿ ಅನ್ನುತ್ತಿದ್ದಳು, ಈಗ ಎಂಥದೋ ಹಸಿರು ಮುಲಾಮು ಬಂದಿದೆ, ಆ ಹುಡುಗಿ ಹೇಳಿದ್ದು, ತಾನೇ ಹಚ್ಚಿಕೊಂಡು ತಾನೇ ಪಟ್ಟಿ ಸುತ್ತಿಕೊಳ್ಳುತ್ತಾಳೆ, ಹಲ್ಲಿನಲ್ಲಿ ಪಟ್ಟಿಯ ತುದಿ ಕಚ್ಚಿ ಬಿಗಿಯುತ್ತಾಳೆ, ಅವನು ಪೇಪರಿನ ಮೇಲಿಂದ ನೋಡುತ್ತಾನೆ, ಆ ನೋವಿನ ಮೇಲೂ ಅವನಿಗೆ ಹೊಟ್ಟೆಕಿಚ್ಚು, ಅವನು ಕೊಟ್ಟ ನೋವಲ್ಲ ಅದು. ಇವತ್ತೇನು ಕಲಿಸಿದಳು ನಿಮ್ಮ ಕಲಸುಮೇಲೋಗರ, ಅಂತ ಒಂದು ದಿನ ಬಾಯಿ ತಪ್ಪಿ ಕೇಳಿದ, ಗೊತ್ತಿಲ್ಲ ರೀ, ಎಲ್ಲಾ ತಪ್ಪಿ ಹೋಯ್ತು, ಆದ್ರೆ ಹೊತ್ತು ಹೋಗಿದ್ದೇ ತಿಳೀಲಿಲ್ಲ, ಅಂದಳು, ತಪ್ಪಿ ಹೋದದ್ದನ್ನು ಯಾರಾದರೂ ಹಾಗೆ ಕಣ್ಣರಳಿಸಿಕೊಂಡು ಹೇಳುತ್ತಾರೆಯೇ, ಅಂಚೆ ಮುದ್ರೆ ಒತ್ತಿ ಒತ್ತಿ ನಿನ್ನ ಕೈಯಲ್ಲಿ ಒಳ್ಳೆ ಮಣಿಕಟ್ಟಿದೆ ಕಣೇ, ಸರಿಯಾಗಿ ನೂರು ಮಾಡಿದ್ದರೆ ಇಷ್ಟೊತ್ತಿಗೆ, ಅನ್ನಬೇಕೆಂದುಕೊಂಡ, ಹೂಂ ಅಂದ.

ಆದರೆ ಗೆದ್ದವನು ಅವನೇ ಅಲ್ಲವೇ, ಹನ್ನೊಂದು ದಿನದ ಹಿಂದೆ, ನೆಲದ ಪಾಲಿಶ್ಶಿಗೆಂದು ಕ್ಲಬ್ಬು ಮುಚ್ಚುವ ಹಿಂದಿನ ದಿನ, ಯಾರ ಕೋರ್ಟು ಉಳಿಯಬೇಕೆಂದು ತೀರ್ಮಾನಿಸಲು ಕಾರ್ಯದರ್ಶಿಯೇ ಬಂದು ನೋಡಿದ, ಪರದೆಯ ಈ ಕಡೆ ಔಷಧಿ ಅಂಗಡಿಯವನು ನೂರಕ್ಕೆ ತೊಂಬತ್ತೊಂದು, ಟಕ್, ಟಕ್, ಟಕ್, ಗಡಿಯಾರ ಹೊಡೆದ ಹಾಗೆ, ಉಳಿದವರು ಎಂಬತ್ತಕ್ಕೆ ಕಡಿಮೆಯಿಲ್ಲ, ಆ ಕಡೆ ಯಾರೂ ನಲವತ್ತೈದು ದಾಟಲಿಲ್ಲ, ಅವನ ಹೆಂಡತಿ ಮೂವತ್ತೊಂಬತ್ತು, ಅವನು ಮೀಸೆಯಡಿಯಲ್ಲಿ ನಕ್ಕ, ಅವಳು ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಕೆಲಸ ಇಲ್ಲಿಗೆ ಮುಗೀತಲ್ಲ ಅಂತ ಅವನು ಅಂದದ್ದಕ್ಕೆ ಶಿಷ್ಯೆ, ಇಲ್ಲ ಸರ್, ಹತ್ತು ದಿನ ರ್ಯಾಕೆಟ್ ಮುಟ್ಟದೆ ಇದ್ದು ಬರಲಿ, ಆಮೇಲೆ ಎಷ್ಟು ಉಳಿದಿರುತ್ತೆ ನೋಡೋಣ, ಉಳಿದದ್ದು ತಾನೆ ಕಲಿತದ್ದು, ಅಂದಳು, ಆಗಲಿ, ಆದರೆ ನಮ್ಮ ಕ್ಲಬ್ಬಿನ ಪದ್ಧತಿ ಪ್ರಕಾರ ನನ್ನವರಿಗೆ ನೀನು ಹಾಕು, ನಿನ್ನವರಿಗೆ ನಾನು ಹಾಕ್ತೀನಿ, ಪಕ್ಷಪಾತ ಬೇಡ, ಒಂದೇ ಕಡೆಗೆ ಬೆನ್ನುಬೆನ್ನಿಗೆ ಎರಡು ಸಲ ಬೇಡ, ಅಂತ ಎದೆಯುಬ್ಬಿಸಿ ಹೇಳಿದವನು ಅವನೇ, ಆ ಪದ್ಧತಿ ಮಾಡಿದವನೂ ಇಪ್ಪತ್ತು ವರ್ಷದ ಹಿಂದೆ ಅವನೇ. ಈವತ್ತು ಬೆಳಿಗ್ಗೆ ಮೊದಲು ಅವನವರ ಸರದಿ, ಔಷಧಿ ಅಂಗಡಿಯವನು ಹೋಗಿ ನಿಂತ, ಕಂಬ ನೆಟ್ಟ ಹಾಗೆ ನಿಂತ, ಆ ಹುಡುಗಿ ಸುಮ್ಮನೆ ಹಾಕಿದಳು, ಶಟಲ್ ಅವನ ಕಿವಿಯ ಪಕ್ಕದಲ್ಲೇ ಹಾದು ಹೋಗಿ ಬಿತ್ತು, ಅವನು ಕದಲಲಿಲ್ಲ, ಎರಡನೆಯದು ಬಿತ್ತು, ಕದಲಲಿಲ್ಲ, ಮೂರನೆಯದಕ್ಕೆ ಕದಲಿದ, ಅಷ್ಟರಲ್ಲಿ ಅದೂ ಬಿದ್ದಿತ್ತು, ತಿರುಗಿ ತನ್ನ ಸರ್ ಕಡೆ ನೋಡಿ, ಮಗು ಅಪ್ಪನನ್ನು ನೋಡುವ ಹಾಗೆ ನೋಡಿ, ಸರ್, ನೀವು ಹೂಂ ಅಂತಿದ್ರಿ, ಇವರೇನೂ ಅನ್ನಲ್ಲ, ಅಂದ. ಇಡೀ ಕ್ಲಬ್ಬು ಗೊಳ್ಳೆಂದಿತು. ಅವನೂ ನಕ್ಕಂತೆ ಮಾಡಿದ, ಆದರೆ ಮೂವತ್ತು ವರ್ಷ ಅವನು ಬ್ಯಾಡ್ಮಿಂಟನ್ ಕಲಿಸಿದ್ದೋ ಅಥವಾ ತನ್ನ ಹೂಂಕಾರಕ್ಕೆ ಕೈ ಎತ್ತುವುದನ್ನು ಕಲಿಸಿದ್ದೋ, ಔಷಧಿ ಅಂಗಡಿಯವನಿಗೆ ಇಪ್ಪತ್ತಕ್ಕೆ ಆರು, ಉಳಿದ ಐವರದೂ ಅದೇ ಪಾಡು, ಅವರ ಹಿಮ್ಮಡಿಗಳನ್ನು ನೋಡಿದ, ಇವತ್ತಿನವರೆಗೆ ನೋಡಿರಲೇ ಇಲ್ಲ, ಹನ್ನೆರಡಕ್ಕೆ ಹನ್ನೆರಡೂ ನೆಲಕ್ಕೆ ಮೊಳೆ ಹೊಡೆದ ಹಾಗೆ ಕೂತಿದ್ದವು. ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿದ್ದವರು ಹಿಮ್ಮಡಿ ಯಾಕೆ ಎತ್ತುತ್ತಾರೆ.

ರೆಡೀನಾ ಮೇಡಮ್, ಅಂತಿದ್ದಾನೆ ಕಾರ್ಯದರ್ಶಿ, ಅವಳು ಪಟ್ಟಿ ಬಿಗಿದುಕೊಂಡು ಬಂದು ನೆಟ್ಟಿನ ಆಚೆ ನಿಂತಳು, ಮನೆಯಲ್ಲಿ ದಿನಾ ನೋಡುವ ಮುಖ, ಹಣೆಯ ಮೇಲೆ ಕೂದಲು ಅಂಟಿದೆ, ಅವನು ಬಕೆಟ್ಟಿಗೆ ಕೈ ಹಾಕಿದ, ಅವಳ ಐದು ಜನ ಜೊತೆಗಾರರಿಗೆ ನ್ಯಾಯವಾಗಿಯೇ ಹಾಕಿದ್ದ, ಯಾವ ದೇವರ ಮುಂದೆ ಬೇಕಾದರೂ ಹೇಳುತ್ತಾನೆ, ಆದರೆ ಇವಳಿಗೆ ಹಾಗೆ ಹಾಕುವುದಿಲ್ಲ, ಇವಳಿಗೆ ಗೆರೆಯ ಮೂಲೆಗೇ ಹಾಕುತ್ತಾನೆ, ಇವಳಿಗೆ ತಪ್ಪಲಿ, ಆ ಹುಡುಗಿಯೆದುರಿಗೇ ತಪ್ಪಲಿ, ಹೂಂ — ಅಂದ, ಹಾಕಿದ, ಅವಳು ಹೊಡೆಯಲೇ ಇಲ್ಲ, ರ್ಯಾಕೆಟ್ಟನ್ನು ಕೆಳಗಿಳಿಸಿ, ಹೂಂ ಅನ್ನಬೇಡಿ ರೀ, ಸುಮ್ನೆ ಹಾಕಿ, ನಗು ಬರುತ್ತೆ, ಅಂದಳು. ಇದು ಲೆಕ್ಕಕ್ಕಿಲ್ಲ, ಮತ್ತೆ ಶುರು ಮಾಡಿ, ಅಂದ ಕಾರ್ಯದರ್ಶಿ. ಬಾಯಿ ಮುಚ್ಚಿಕೊಂಡ, ಹೂಂ ಇಲ್ಲದೆ ಕೈ ಏಳುವುದಿಲ್ಲ, ಏಳುವುದಿಲ್ಲವೆಂಬುದೇ ಈಗ ಗೊತ್ತಾಗುತ್ತಿದೆ, ಅವನ ಕೈಗೂ ಅದೇ ಹೂಂ ಬೇಕು, ಔಷಧಿ ಅಂಗಡಿಯವನಿಗೂ ಅವನಿಗೂ ಏನು ವ್ಯತ್ಯಾಸ, ಹಲ್ಲು ಕಚ್ಚಿ ಹಾಕಿದ, ಹಿಂದಿನ ಎಡಮೂಲೆ, ತಪ್ಪಿತು, ನೆಟ್ಟಿನ ಹತ್ತಿರ, ತಪ್ಪಿತು, ಬಲಮೂಲೆ, ತಗುಲಿತು ಆದರೆ ಹೊರಗೆ, ಮತ್ತೆ ಹಿಂದೆ, ತಪ್ಪಿತು, ಏಳು ತಪ್ಪಿದವು, ಕೀಚ್, ಕೀಚ್, ಬೂಟು ಅತ್ತಿಂದಿತ್ತ, ಪರವಾಗಿಲ್ಲ ಅಕ್ಕಾ, ನೋಡ್ಕೊಂಡು ಆಡಿ, ಅಂತ ಬೆಂಚಿನಿಂದ ಆ ಹುಡುಗಿ, ಅವನ ಮನಸ್ಸಿಗೆ ತಣ್ಣಗಾಯಿತು, ನಿಜ ಹೇಳಬೇಕೆಂದರೆ ತಣ್ಣಗಾಯಿತು, ಎಂಟನೆಯದನ್ನು ನೆಟ್ಟಿನ ತುದಿಗೆ ಜಾರಿಸಿದ, ಅವಳು ಬಂದಳು, ಎಲ್ಲಿಂದ ಬಂದಳೋ, ಮುದ್ರೆ ಒತ್ತುವ ಕೈಯಲ್ಲಿ ಟಪ್ ಅಂತ ಒಂದು ಚೂರು ಒತ್ತಿದಳು, ಶಟಲ್ ಅವನ ಕಾಲಬಳಿ ಬಿತ್ತು, ಒಂದು, ಅಂದ ಕಾರ್ಯದರ್ಶಿ, ಇವಳಿಗೆ ಇದನ್ನು ಯಾರು ಹೇಳಿಕೊಟ್ಟರು, ಯಾರೂ ಹೇಳಿಕೊಟ್ಟಿಲ್ಲ, ಆ ಹೊಡೆತಕ್ಕೆ ಹೆಸರೇ ಇಲ್ಲ, ಅವನ ಯಾವ ವಾರದ ಯಾವ ದಿನದಲ್ಲೂ ಅದಿಲ್ಲ. ಒಂಬತ್ತು, ಹತ್ತು, ಹನ್ನೊಂದು ತಪ್ಪಿದವು, ಹನ್ನೆರಡು ಬಂತು, ಎರಡು, ಅವನಿಗೆ ಕೋಪ, ಹೊಡೆತ ತಪ್ಪಿದಾಗ ಅವಳು ತುಟಿ ಕಚ್ಚುವುದಿಲ್ಲ, ಕ್ಷಮೆ ಕೇಳುವ ಹಾಗೆ ಯಾರನ್ನೂ ನೋಡುವುದಿಲ್ಲ, ಬಿದ್ದದ್ದನ್ನು ಬಿಟ್ಟು ಮತ್ತೆ ಬಂದು ನಡುವಿಗೆ ನಿಲ್ಲುತ್ತಾಳೆ, ಮೊಣಕಾಲು ಬಗ್ಗಿಸುತ್ತಾಳೆ, ಹಿಮ್ಮಡಿ ಏಳುತ್ತದೆ, ಹದಿನೈದು ಬಂತು, ಮೂರು, ಹದಿನಾರು ತಪ್ಪಿತು, ಹದಿನೇಳು ತಪ್ಪಿತು, ಹದಿನೆಂಟನ್ನು ಅವನು ತನಗೆ ಗೊತ್ತಿದ್ದಷ್ಟೂ ವಿದ್ಯೆ ಹಾಕಿ ಎಡಮೂಲೆಗೆ ಹೊಡೆದ, ರಾಜ್ಯಮಟ್ಟದಲ್ಲಿ ಆಡಿದ ಕೈ ಅದು, ಅವಳು ಬೆನ್ನು ತಿರುಗಿಸಿಕೊಂಡೇ ಹೇಗೋ ಬೀಸಿದಳು, ಎದ್ದಿತು, ತೇಲಿತು, ಇಳಿಯಿತು, ಗೆರೆಯ ಮೇಲೆ ಬಿತ್ತು, ಗೆರೆ ಅಂದರೆ ಒಳಗೇ, ನಾಲ್ಕು, ನಲವತ್ತೇಳು ನಲವತ್ತೇಳು, ಸಮ, ಹತ್ತೊಂಬತ್ತು ನೆಟ್ಟಿಗೆ ಬಿತ್ತು.

ಕೊನೇದು, ಅಂದ ಕಾರ್ಯದರ್ಶಿ, ಅವನು ಬಗ್ಗಿ ಬಕೆಟ್ಟಿನ ತಳದಿಂದ ಶಟಲ್ ಎತ್ತಿಕೊಂಡ, ಒಂದು ಗರಿ ಮುರಿದಿದೆ, ಮುರಿದದ್ದು ಓರೆಯಾಗಿ ಹೋಗುತ್ತದೆ, ಹಿಂದಿನ ಎಡಮೂಲೆಗೆ ಎತ್ತರಕ್ಕೆ ಹೊಡೆದರೆ ಇನ್ನೂ ಓರೆಯಾಗುತ್ತದೆ, ಅವಳಿಗೆ ಸಿಗುವುದಿಲ್ಲ, ನೂರಕ್ಕೆ ನೂರು ಸಿಗುವುದಿಲ್ಲ, ಬ್ಯಾಚು ಅವನಿಗೇ ಉಳಿಯುತ್ತದೆ, ಹನ್ನೆರಡು ಜನವೂ ಅವನ ಕೋರ್ಟಿಗೇ ಬರುತ್ತಾರೆ, ಅವಳೂ ಬರುತ್ತಾಳೆ, ಅಂತೂ ಬರುತ್ತಾಳೆ, ನನ್ನ ಕಡೆ, ಪರದೆಯ ನನ್ನ ಕಡೆ, ಸೋಮವಾರ ಸರ್ವಿಸ್ಸು, ನೂರು, ಹೂಂ — ಮಂಗಳವಾರದ ಹೊತ್ತಿಗೆ ಅವಳ ಹಿಮ್ಮಡಿ ನೆಲಕ್ಕಿಳಿದಿರುತ್ತದೆ, ಅದು ಅವನಿಗೆ ಗೊತ್ತು, ಈಗಷ್ಟೇ ಹನ್ನೆರಡು ಹಿಮ್ಮಡಿ ನೋಡಿದವನಿಗೆ ಗೊತ್ತು, ಬುಧವಾರ ಬೂಟು ಇಸ್ತ್ರಿ ಮೇಜಿನ ಹಿಂದೆ ಹೋಗುತ್ತದೆ, ಚಹಾ ಆಯ್ತಾ, ಆಯ್ತು, ಹೂಂ, ಅಥವಾ ಅವಳ ಮುಂದೆಯೇ ಸುಲಭವಾಗಿ ಹಾಕಿದರೆ, ಎದೆಯೆತ್ತರಕ್ಕೆ, ಹೂವು ಕೊಟ್ಟ ಹಾಗೆ, ಅವಳು ಹೊಡೆಯುತ್ತಾಳೆ, ಗೆಲ್ಲುತ್ತಾಳೆ, ಕುಣಿದುಕೊಂಡು ಓಡಿ ಹೋಗಿ ಆ ಹುಡುಗಿಯನ್ನು ತಬ್ಬಿಕೊಳ್ಳುತ್ತಾಳೆ, ಅವನು ಇಲ್ಲೇ ಬಕೆಟ್ಟಿನ ಪಕ್ಕ ನಿಂತಿರುತ್ತಾನೆ, ಅದನ್ನು ನೋಡಲಾರ, ಇದನ್ನೂ ಮಾಡಲಾರ — ಹಾಕಿ ರೀ, ಅಂತಾಳೆ ಅವಳು, ಮೆಲ್ಲಗೆ, ಮನೆಯಲ್ಲಿ ಅನ್ನುವ ಹಾಗಲ್ಲ, ತಲೆ ಎತ್ತಿ ನೋಡಿದ, ಅವಳು ಅವನನ್ನೇ ನೋಡುತ್ತಿದ್ದಾಳೆ, ಆ ಹುಡುಗಿಯನ್ನಲ್ಲ, ಅವನನ್ನು, ಅವನ ಕೈಯನ್ನು, ಎತ್ತ ಹಾಕುತ್ತಾನೋ ಅವಳಿಗೆ ಗೊತ್ತಿಲ್ಲ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವನು ಏನು ಮಾಡುತ್ತಾನೋ ಅವಳಿಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ಬಾಯಿ ಚೂರು ತೆರೆದಿದೆ, ಸರ್, ಅಂತ ಕಾರ್ಯದರ್ಶಿ ಕರೆಯುತ್ತಾನೆ, ಸರ್, ಹಾಕಿ ಸರ್, ಸ್ವಲ್ಪ ತಡಿ ಮಾರಾಯ, ಈ ಶಟಲ್ ಕೈ ಬಿಟ್ಟ ಕ್ಷಣಕ್ಕೆ ಅವಳ ಕಣ್ಣು ಅದರ ಹಿಂದೆ ಹೋಗಿಬಿಡುತ್ತದೆ, ಇನ್ನೊಂದು ಗಳಿಗೆ, ಮುರಿದ ಗರಿ ಬೆರಳಿಗೆ ಚುಚ್ಚುತ್ತಿದೆ, ಚುಚ್ಚಲಿ, ನೆಟ್ಟಿನ ಕೆಳಗಿನಿಂದ ಕಾಣುತ್ತಿದೆ, ಬಿಳಿ ಬೂಟು, ಮೊಣಕಾಲು ಬಗ್ಗಿದೆ, ಹಿಮ್ಮಡಿ ನೆಲದಿಂದ ಮೇಲೆ, ಒಂದು ಬೆರಳು, ಇನ್ನೂ ಇಳಿದಿಲ್ಲ, ತನಗಾಗಿ, ಇಳಿದಿಲ್ಲ, ಒಂದು ಬೆರಳಿನಷ್ಟು ಮೇಲೆ —